ಸೊಳ್ಳೆಯ ಜೀನ್ ಮೇಲೆ ಇಷ್ಟೆಲ್ಲ ಸಂಶೋಧನೆ ಆಗಿದೆ, ನಮ್ಮ ಬೀದಿಗೆ ಬಂದಿದ್ದೇನು?

ಹೊಸಕೋಟೆ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಗಂಡು ಸೊಳ್ಳೆ ರಕ್ತ ಹೀರಲ್ಲ, ಹೆಣ್ಣು ಮಾತ್ರ ಹೀರುತ್ತೆ ಅಂತ ಹೇಳ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಒಂದೇ ತಾಯಿಯ ಮೊಟ್ಟೆ, ಹೆಚ್ಚುಕಡಿಮೆ ಅದೇ ಡಿಎನ್‌ಎ, ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು ಸಾರ್?" ಅಂದಳು. ಜೀನ್ ಇದ್ದರೆ ಸಾಲದು, ಅದು ಯಾವಾಗ, ಮೈಯ ಯಾವ ಭಾಗದಲ್ಲಿ, ಎಷ್ಟು ಕೆಲಸ ಮಾಡುತ್ತೆ ಅನ್ನೋದೂ ಮುಖ್ಯ, ಅದನ್ನೇ ಜೀನ್ ಅಭಿವ್ಯಕ್ತಿ ಅಂತಾರೆ ಅಂದೆ. ತಕ್ಷಣ ಇನ್ನೊಂದು ಪ್ರಶ್ನೆ: "ಹಾಗಾದ್ರೆ ಅದನ್ನ ಆಫ್ ಮಾಡಿದ್ರೆ ಡೆಂಗಿ ನಿಲ್ಲುತ್ತಾ?"

ಅಲ್ಲಿಂದ ಓದ್ತಾ ಇದ್ದೀನಿ. ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆಯ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಓದು, 2002ರಲ್ಲೇ ಬಂದಿದೆ. ಡೆಂಗಿಯ ಈಡಿಸ್ ಈಜಿಪ್ಟಿಯದು 2007ರಲ್ಲಿ. ಅಂದರೆ ಎರಡು ದಶಕ ಆಯ್ತು. ನಮ್ಮ ಬೀದಿಯಲ್ಲಿ ಮಾತ್ರ ಇವತ್ತಿಗೂ ಅದೇ ಫಾಗಿಂಗ್ ಗಾಡಿ, ಅದೇ ಕಾಯಿಲ್. ಈ ವರ್ಷ ಪಕ್ಕದ ಮನೆಯ ಇಬ್ಬರಿಗೂ ಡೆಂಗಿ ಆಗಿ ಒಬ್ಬರಿಗೆ ಪ್ಲೇಟ್ಲೆಟ್ ಕೊಡಬೇಕಾಯ್ತು. ಲ್ಯಾಬಿನಿಂದ ಜನರ ಮನೆವರೆಗೆ ನಿಜವಾಗಿ ಬಂದಿದ್ದು ಏನಾದರೂ ಇದೆಯಾ? ಗೊತ್ತಿರೋರು ಹೇಳಿ. ವಾಟ್ಸಾಪ್ ಫಾರ್ವರ್ಡ್ ಬೇಡ.

ಗಪ್ಪಿ_ಪ್ರಿಯ
ಮೊದಲು ಸಂಪಿನ ಮುಚ್ಚಳ ಭದ್ರ ಮಾಡಿ ಸಾರ್. ಜೀನ್ ಆಮೇಲೆ.

ಜಿಕೆವಿಕೆ_ಗೇಟ್
ಮೇಷ್ಟ್ರೇ, ಒಳ್ಳೆ ಪ್ರಶ್ನೆ. ನಮ್ಮ ಕಡೆ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಹುಡುಗಿಯ ಪ್ರಶ್ನೆ. ಸೊಳ್ಳೆಯಲ್ಲಿ ಡಬಲ್‌ಸೆಕ್ಸ್ ಅಂತ ಒಂದು ಜೀನ್ ಇದೆ. ಗಂಡಿನಲ್ಲೂ ಇದೆ, ಹೆಣ್ಣಿನಲ್ಲೂ ಇದೆ. ಅದರಿಂದ ತಯಾರಾಗುವ ಆರ್‌ಎನ್‌ಎಯನ್ನು (ಜೀನ್ ಕೆಲಸ ಮಾಡುವಾಗ ಹೊರಡುವ ಅದರ ನಕಲು) ಕತ್ತರಿಸಿ ಜೋಡಿಸುವ ರೀತಿ ಮಾತ್ರ ಬೇರೆ. ಹೆಣ್ಣಿನಲ್ಲಿ ಒಂದು ತುಂಡು ಉಳಿಯುತ್ತೆ, ಗಂಡಿನಲ್ಲಿ ಅದನ್ನ ಬಿಡಲಾಗುತ್ತೆ. ಆ ಒಂದು ವ್ಯತ್ಯಾಸದಿಂದ ಮುಂದೆ ನೂರಾರು ಜೀನ್‌ಗಳ ಏರಿಳಿತ ಬದಲಾಗಿ, ಒಂದಕ್ಕೆ ಚರ್ಮ ಚುಚ್ಚುವ ಬಾಯಿ ಬರುತ್ತೆ, ಇನ್ನೊಂದಕ್ಕೆ ಪೊದೆಯಂಥ ಮೀಸೆ (ಆಂಟೆನಾ). ಈಡಿಸ್‌ನಲ್ಲಿ ಈ ಸರಪಳಿ ಶುರು ಮಾಡೋದು ನಿಕ್ಸ್ ಅನ್ನುವ ಜೀನ್. ಅದು ಗಂಡಿನಲ್ಲಿ ಮಾತ್ರ ಇರುತ್ತೆ, 2015ರಲ್ಲಿ ಗೊತ್ತಾಯ್ತು.

ಇನ್ನು ರಕ್ತ ಹೀರಿದ ಮೇಲೆ ಆಗೋದು. ಲ್ಯಾಬಲ್ಲಿ ಹೊಟ್ಟೆ ಕೆಂಪಗೆ ಊದಿಕೊಂಡ ಹೆಣ್ಣುಗಳನ್ನ ಐಸ್ ಮೇಲೆ ಇಟ್ಟು ಜಡ ಮಾಡ್ತೀವಿ. ಮೈಕ್ರೋಸ್ಕೋಪ್ ಕೆಳಗೆ ಎರಡು ಸೂಜಿಯಲ್ಲಿ ಕೊನೆಯ ಎರಡು ಉಂಗುರ ಹಿಡಿದು ಮೆಲ್ಲಗೆ ಎಳೆದರೆ ಕರುಳು ಪೂರ್ತಿ ಹೊರಗೆ ಬರುತ್ತೆ. ಅವಸರ ಮಾಡಿದ್ರೆ ಒಡೆದು ರಕ್ತವೆಲ್ಲ ಸ್ಲೈಡ್ ಮೇಲೆ. ಹೊಟ್ಟೆಯ ಗೋಡೆಗೆ ಒಳಗಿಂದ ಅಂಟಿಕೊಂಡಿರೋ ಹಳದಿ ಪದರವೇ ಫ್ಯಾಟ್ ಬಾಡಿ. ನಮ್ಮ ಲಿವರ್ ಮಾಡೋ ಕೆಲಸ ಅಲ್ಲಿ ಅದು ಮಾಡುತ್ತೆ. ರಕ್ತ ಕುಡಿಯುವ ಮುಂಚೆ ಅಲ್ಲಿ ವಿಟೆಲ್ಲೋಜೆನಿನ್ ಜೀನ್ ಹೆಚ್ಚುಕಡಿಮೆ ಮೌನ. ಕುಡಿದ ಮೇಲೆ ಎಕ್ಡೈಸೋನ್ ಹಾರ್ಮೋನ್ ಏರಿ, ಸುಮಾರು 24 ಗಂಟೆಗೆ ಆ ಜೀನ್ ಉತ್ತುಂಗಕ್ಕೆ ಹೋಗುತ್ತೆ, ಮೊಟ್ಟೆಗೆ ಬೇಕಾದ ಹಳದಿ ತುಂಬುತ್ತೆ. ಆಮೇಲೆ ಮತ್ತೆ ಇಳಿಯುತ್ತೆ. ಗಂಟೆಗಂಟೆಗೂ ಆರ್‌ಎನ್‌ಎ ತೆಗೆದು ಅಳೆದರೆ ಈ ಏರಿಳಿತ ಗ್ರಾಫಿನಲ್ಲಿ ಸ್ಪಷ್ಟ ಕಾಣುತ್ತೆ.

ಇದರಿಂದ ಏನು ಲಾಭ ಅಂದ್ರೆ, ರಕ್ತ ಕುಡಿದಾಗ ಮಾತ್ರ, ಕರುಳಲ್ಲಿ ಮಾತ್ರ ಕೆಲಸ ಮಾಡುವ ಪ್ರೊಮೋಟರ್‌ಗಳು, ಅಂದರೆ ಜೀನಿನ ಸ್ವಿಚ್‌ಗಳು, ಸಿಕ್ಕವು. ಮಲೇರಿಯಾ ಪರಾವಲಂಬಿ ಸೊಳ್ಳೆಯೊಳಗೆ ಹೋಗೋದೂ ಅದೇ ರಕ್ತದ ಜೊತೆ, ಅದೇ ಕರುಳಿಗೆ. ಹಾಗಾಗಿ 2002ರಲ್ಲೇ ಕಾರ್ಬಾಕ್ಸಿಪೆಪ್ಟಿಡೇಸ್ ಜೀನಿನ ಪ್ರೊಮೋಟರ್ ಮುಂದೆ ಎಸ್‌ಎಂ1 ಅನ್ನೋ ಚಿಕ್ಕ ಪೆಪ್ಟೈಡ್ ಜೋಡಿಸಿ, ಪರಾವಲಂಬಿ ಕರುಳು ದಾಟದ ಹಾಗೆ ಮಾಡಿದ ಸ್ಟೀಫೆನ್ಸಿ ಸೊಳ್ಳೆ ತಯಾರಾಯ್ತು. ಅದು ಇಲಿಯ ಮಲೇರಿಯಾದ ಮೇಲೆ ಮಾಡಿದ್ದು, ಮನುಷ್ಯರ ಮಲೇರಿಯಾ ಅಲ್ಲ. ಆದರೂ ದಾರಿ ಇದೆ ಅಂತ ತೋರಿಸಿದ್ದು ಅದೇ.

ಧಾರವಾಡ_ಪೇಢಾ
ಭಾಳ ಛಲೋ ಬರದೀರಿ. ಆದ್ರ ಮೇಷ್ಟ್ರು ಕೇಳಿದ್ದ ಬ್ಯಾರೆ. ಲ್ಯಾಬಿಂದ ಮನಿಗೆ ಏನ್ ಬಂತು? 2002ರ ಸೊಳ್ಳಿ ಇನ್ನೂ ಲ್ಯಾಬಿನ ಪಂಜರದಾಗ ಐತಿ ಅಲ್ರಿ.

ಜಿಕೆವಿಕೆ_ಗೇಟ್
ಪಂಜರದಲ್ಲೇ ಇದೆ, ನಿಜ.

ನೈರೋಬಿ_ರಾಯರು
ಮನೆಗೆ ಬಂದಿದ್ದು ಇದೆ. ಸೊಳ್ಳೆ ಪರದೆ. ಪೂರ್ವ ಆಫ್ರಿಕಾದಲ್ಲಿ ಮಲೇರಿಯಾ ಕಾರ್ಯಕ್ರಮಗಳಿಗೆ ಪರದೆ ಸಾಗಿಸೋ ಕೆಲಸದಲ್ಲಿದ್ದೀನಿ, ಹಾಗಾಗಿ ಈ ಕಥೆ ಹತ್ತಿರದಿಂದ ನೋಡಿದ್ದೀನಿ.

ಪರದೆಗೆ ಹಚ್ಚೋದು ಪೈರೆಥ್ರಾಯ್ಡ್ ಅನ್ನೋ ಗುಂಪಿನ ಕೀಟನಾಶಕ. ವರ್ಷಗಟ್ಟಲೆ ಅದೊಂದೇ ಹಚ್ಚಿದ್ದಕ್ಕೆ ಸೊಳ್ಳೆಗಳು ಒಗ್ಗಿಕೊಂಡವು. ಹೇಗೆ ಒಗ್ಗಿಕೊಂಡವು ಅಂತ ನೋಡೋಕೆ, ಸಾಯುವ ಸೊಳ್ಳೆ ಮತ್ತು ಸಾಯದ ಸೊಳ್ಳೆ ಎರಡರ ಆರ್‌ಎನ್‌ಎ ಅಕ್ಕಪಕ್ಕ ಇಟ್ಟು ಹೋಲಿಸಿದರು. ಸಾಯದವುಗಳಲ್ಲಿ ಸೈಟೋಕ್ರೋಮ್ ಪಿ450 ಗುಂಪಿನ ಕೆಲವು ಜೀನ್‌ಗಳು ಜೋರಾಗಿ ಏರಿದ್ದವು. ಗ್ಯಾಂಬಿಯೆಯಲ್ಲಿ ಸಿವೈಪಿ6ಪಿ3, ಸಿವೈಪಿ6ಎಂ2. ಫ್ಯೂನೆಸ್ಟಸ್ ಜಾತಿಯಲ್ಲಿ ಸಿವೈಪಿ6ಪಿ9ಎ ಮತ್ತು ಬಿ. ಈ ಕಿಣ್ವಗಳು ವಿಷವನ್ನ ಮೈಯೊಳಗೆ ಒಡೆದು ಹಾಕ್ತವೆ.

ಕಾರಣ ಗೊತ್ತಾದ ಮೇಲೆ ಎರಡು ಉಪಾಯ ಬಂತು. ಒಂದು, ಪಿಬಿಒ ಅನ್ನೋ ರಾಸಾಯನಿಕವನ್ನ ಪರದೆಯಲ್ಲಿ ಸೇರಿಸೋದು. ಅದು ಪಿ450 ಕಿಣ್ವವನ್ನೇ ಕಟ್ಟಿಹಾಕುತ್ತೆ. ಪಿಬಿಒ ಹೊಸದೇನಲ್ಲ, ಎಲ್ಲಿ ಹಾಕಿದರೆ ಲಾಭ ಅನ್ನೋದಕ್ಕೆ ಈ ಜೀನ್ ಅಧ್ಯಯನ ಆಧಾರ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಪ್ಪಿತು. ಎರಡನೆಯದು ಕ್ಲೋರ್‌ಫೆನಾಪೈರ್ ಅನ್ನೋ ಬೇರೆ ಕೀಟನಾಶಕ. ಇದು ನನಗೆ ಅತ್ಯಂತ ಇಷ್ಟವಾದದ್ದು. ಅದು ಸೊಳ್ಳೆಯ ಮೈಗೆ ಹೋಗುವಾಗ ಪೂರ್ತಿ ವಿಷ ಆಗಿರಲ್ಲ. ಸೊಳ್ಳೆಯ ಪಿ450 ಕಿಣ್ವಗಳೇ ಅದನ್ನ ವಿಷ ಮಾಡ್ತವೆ. ಅಂದರೆ ಹಳೇ ಔಷಧ ಒಡೆಯೋಕೆ ಸೊಳ್ಳೆ ಬೆಳೆಸಿಕೊಂಡ ಶಕ್ತಿಯೇ ಅದನ್ನ ಕೊಲ್ಲುತ್ತೆ. ತಾಂಜಾನಿಯಾದ ಮಿಸುಂಗ್ವಿ ಜಿಲ್ಲೆಯ ದೊಡ್ಡ ಪ್ರಯೋಗದಲ್ಲಿ ಎರಡು ವರ್ಷದ ಕೊನೆಗೆ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ, ಮಾಮೂಲಿ ಪರದೆ ಕೊಟ್ಟ ಊರುಗಳಲ್ಲಿ 45.8% ಮಕ್ಕಳಿಗೆ ಮಲೇರಿಯಾ ಇತ್ತು. ಕ್ಲೋರ್‌ಫೆನಾಪೈರ್ ಸೇರಿದ ಪರದೆ ಕೊಟ್ಟ ಕಡೆ 25.6%. 2022ರಲ್ಲಿ ಪ್ರಕಟವಾಯ್ತು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಈಗ ನಾವು ಸಾಗಿಸೋ ಲೋಡುಗಳಲ್ಲಿ ಅದರ ಪಾಲು ಏರ್ತಾನೇ ಇದೆ.

ಧಾರವಾಡ_ಪೇಢಾ
ಇದು ಉತ್ತರ ನೋಡ್ರಿ.

ಎಂಎಸ್ಸಿ_ಪ್ರಾಣಿಶಾಸ್ತ್ರ
ರಾಯರೇ, ಒಂದು ಸೇರಿಸ್ತೀನಿ. ಎಲ್ಲ ನಿರೋಧಕತೆಯೂ ಅಭಿವ್ಯಕ್ತಿಯಿಂದಲೇ ಬರಲ್ಲ. ಕೆಡಿಆರ್ ಅನ್ನೋದು ಸೋಡಿಯಂ ಚಾನೆಲ್ ಜೀನಿನಲ್ಲೇ ಆಗಿರೋ ಮ್ಯುಟೇಶನ್. ಅಲ್ಲಿ ಜೀನ್ ಹೆಚ್ಚು ಕೆಲಸ ಮಾಡೋದಲ್ಲ, ಔಷಧ ಹೋಗಿ ಕೂರುವ ಜಾಗದ ಆಕಾರವೇ ಬದಲು. ಅಲ್ಲಿ ಪಿಬಿಒ ಸಹಾಯ ಮಾಡಲ್ಲ. ಊರಿನ ಸೊಳ್ಳೆಯಲ್ಲಿ ಯಾವುದು ಇದೆ, ಎರಡೂ ಇದೆಯಾ ಅಂತ ನೋಡದೆ ಪರದೆ ಕೊಳ್ಳಬಾರದು.

ನೈರೋಬಿ_ರಾಯರು
ಖಂಡಿತ. ಹೆಚ್ಚಿನ ಕಡೆ ಎರಡೂ ಒಟ್ಟಿಗೇ ಇವೆ. ಮೂರನೆಯದೂ ಒಂದಿದೆ. 2020ರಲ್ಲಿ ಲಿವರ್‌ಪೂಲ್‌ನವರು ನಿರೋಧಕ ಸೊಳ್ಳೆಯ ಕಾಲಿನಲ್ಲಿ ಎಸ್‌ಎಪಿ2 ಅನ್ನೋ ಪ್ರೋಟೀನ್ ಹೆಚ್ಚಾಗಿರೋದು ತೋರಿಸಿದರು. ಪರದೆಯ ಮೇಲೆ ಕಾಲಿಟ್ಟ ಕೂಡಲೇ ಔಷಧವನ್ನ ಅಲ್ಲೇ ಹಿಡಿದುಕೊಳ್ಳುತ್ತೆ, ಒಳಗೆ ಹೋಗೋಕೆ ಬಿಡಲ್ಲ. ಆ ಜೀನನ್ನ ಅಡಗಿಸಿದಾಗ ಸೊಳ್ಳೆ ಮತ್ತೆ ಸಾಯತೊಡಗಿತು. ಕಾಲನ್ನ ಬೇರೆಯಾಗಿ ತೆಗೆದು ನೋಡಿದ್ದಕ್ಕೆ ಚಿತ್ರ ಸ್ಪಷ್ಟವಾಯ್ತು.

ರಾತ್ರಿ_ಪಾಳಿ
ಅಂದ್ರೆ ನಮ್ಮನೇಲಿ ಲಿಕ್ವಿಡ್ ಹಚ್ಚಿದ್ರೂ ಕಚ್ಚೋದಕ್ಕೆ ಇದೇ ಕಾರಣಾನಾ??

ಎಂಎಸ್ಸಿ_ಪ್ರಾಣಿಶಾಸ್ತ್ರ
ಇರಬಹುದು. ಲಿಕ್ವಿಡ್‌ನಲ್ಲಿರೋದು ಹೆಚ್ಚಾಗಿ ಟ್ರಾನ್ಸ್‌ಫ್ಲುಥ್ರಿನ್, ಅದೂ ಪೈರೆಥ್ರಾಯ್ಡ್ ಕುಟುಂಬದ್ದೇ. ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿದರೂ ಅದರ ಪ್ರಮಾಣ ಇಳಿಯುತ್ತೆ. ಎರಡರಲ್ಲಿ ಯಾವುದು ಅಂತ ಮನೇಲಿ ಕೂತು ಹೇಳೋಕಾಗಲ್ಲ.

ಜಾಗೃತ_ನಾಗರಿಕ
ಎಲ್ಲರೂ ಹೊಗಳ್ತಿದ್ದೀರಿ. ಜೀನ್ ಬದಲಾಯಿಸಿದ ಸೊಳ್ಳೆ ತಂದು ನಮ್ಮ ಊರಲ್ಲಿ ಬಿಡೋದೇ ಇವರ ಕೊನೆಯ ಗುರಿ. ನಮ್ಮನ್ನ ಕೇಳಿದಾರಾ? ವಿದೇಶಿ ದುಡ್ಡು, ನಮ್ಮ ಮೈ. ಇದಕ್ಕೆ ನನ್ನ ವಿರೋಧ ಇದೆ.

ಜಿಕೆವಿಕೆ_ಗೇಟ್
ಕರ್ನಾಟಕದಲ್ಲಿ ಯಾರೂ ಅಂಥ ಸೊಳ್ಳೆ ಹೊರಗೆ ಬಿಟ್ಟಿಲ್ಲ ಸಾರ್. ಜೀನ್ ಬದಲಾಯಿಸಿದ ಯಾವ ಜೀವಿಯನ್ನ ಹೊರಗೆ ಬಿಡಬೇಕಾದರೂ ಕೇಂದ್ರದ ಜಿಇಎಸಿ ಸಮಿತಿಯ ಅನುಮತಿ ಬೇಕು.

ಹಳೇ_ಪೇಪರ್_ಕಟ್ಟು
ಜಾಗೃತ ಅವರ ಆತಂಕವನ್ನ ತಳ್ಳಿಹಾಕಬೇಡಿ, ಅದಕ್ಕೆ ನಮ್ಮ ದೇಶದಲ್ಲೇ ಚರಿತ್ರೆ ಇದೆ. 1969ರ ಸುಮಾರಿಗೆ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕ ಶುರು ಮಾಡಿದರು. ದುಡ್ಡು ಅಮೆರಿಕದ್ದು, ಪಿಎಲ್ 480 ಗೋಧಿ ಕೊಂಡ ಬಾಬ್ತಿನ ರೂಪಾಯಿ. ದೆಹಲಿ ಸುತ್ತಿನ ಹಳ್ಳಿಗಳಲ್ಲಿ ಸಂತಾನಶಕ್ತಿ ಇಲ್ಲದ ಗಂಡು ಕ್ಯೂಲೆಕ್ಸ್ ಸೊಳ್ಳೆ ಬಿಟ್ಟರು. 1975ರಲ್ಲಿ ಹರಿಯಾಣದ ಸೋನೆಪತ್‌ನಲ್ಲಿ ಈಡಿಸ್ ಬಿಡೋಕೆ ತಯಾರಿ ನಡೆದಿತ್ತು. ಅಷ್ಟರಲ್ಲಿ ಪತ್ರಿಕೆಗಳಲ್ಲಿ ಬಂತು, ಇದು ಹಳದಿ ಜ್ವರದ ಜೈವಿಕ ಯುದ್ಧಕ್ಕೆ ಮಾಹಿತಿ ಸಂಗ್ರಹ ಅಂತ. ಸಂಸತ್ತಿನವರೆಗೂ ಹೋಯ್ತು. ಅದೇ ವರ್ಷ ಘಟಕ ಮುಚ್ಚಿತು.

ಆ ಆರೋಪ ಸಾಬೀತಾಗಲಿಲ್ಲ. ಆದರೆ ಜನರಿಗೆ ಮೊದಲೇ ಬಿಡಿಸಿ ಹೇಳದೆ ಇದ್ದದ್ದರ ಬೆಲೆ ಇದು. ನನ್ನ ಪ್ರಕಾರ ಭಾರತದಲ್ಲಿ ಈ ವಿಜ್ಞಾನವನ್ನ ದಶಕಗಟ್ಟಲೆ ಹಿಂದಕ್ಕೆ ತಳ್ಳಿದ್ದು ಸೊಳ್ಳೆ ಅಲ್ಲ, ಆ ಮೌನ.

ಜಾಗೃತ_ನಾಗರಿಕ
ನೋಡಿ, ನಾನು ಹೇಳಿದ್ದೂ ಇದೇ. ಬುರ್ಕಿನಾ ಫಾಸೊದಲ್ಲೂ 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಜೀನ್ ಬದಲಾಯಿಸಿದ ಸೊಳ್ಳೆಯ ಟಾರ್ಗೆಟ್ ಮಲೇರಿಯಾ ಯೋಜನೆ ನಿಲ್ಲಿಸಿತಲ್ಲ.

ನೈರೋಬಿ_ರಾಯರು
ನಿಲ್ಲಿಸಿತು ನಿಜ. ಆದರೆ ಅವರು 2019ರಲ್ಲಿ ಬಾನಾ ಹಳ್ಳಿಯಲ್ಲಿ ಬಿಟ್ಟದ್ದು ಸಂತಾನಶಕ್ತಿ ಇಲ್ಲದ ಗಂಡುಗಳು. ಜೀನ್ ಡ್ರೈವ್ ಸೊಳ್ಳೆ ಅಲ್ಲ. ಆ ವ್ಯತ್ಯಾಸ ಮುಖ್ಯ.

ಹೊಸಕೋಟೆ_ಮೇಷ್ಟ್ರು
ಜೀನ್ ಡ್ರೈವ್ ಅಂದರೆ ಏನು ಅಂತ ಯಾರಾದರೂ ಸರಳವಾಗಿ ಹೇಳ್ತೀರಾ? ನನ್ನ ಮಕ್ಕಳಿಗೂ ಹೇಳಬೇಕು.

ಎಂಎಸ್ಸಿ_ಪ್ರಾಣಿಶಾಸ್ತ್ರ
ಮಾಮೂಲಿ ಜೀನ್ ಅರ್ಧ ಮಕ್ಕಳಿಗೆ ಹೋಗುತ್ತೆ. ಜೀನ್ ಡ್ರೈವ್ ಹಾಕಿದ್ದು ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಹೋಗುತ್ತೆ, ಯಾಕಂದ್ರೆ ಅದು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಕತ್ತರಿಯನ್ನೂ ಜೊತೆಗೆ ಇಟ್ಟುಕೊಂಡು ಎದುರಿನ ಕ್ರೋಮೋಸೋಮ್‌ಗೆ ತನ್ನನ್ನೇ ನಕಲು ಮಾಡಿಕೊಳ್ಳುತ್ತೆ. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಂಡ್ರಿಯಾ ಕ್ರಿಸಾಂಟಿ ತಂಡ ಹಿಡಿದದ್ದು ಮೇಲೆ ಹೇಳಿದ ಅದೇ ಡಬಲ್‌ಸೆಕ್ಸ್ ಜೀನನ್ನ, ಅದರಲ್ಲೂ ಹೆಣ್ಣಿನಲ್ಲಿ ಮಾತ್ರ ಉಳಿಯುವ ತುಂಡನ್ನ. ಎರಡೂ ಕಡೆಯಿಂದ ಅದು ಬಂದ ಹೆಣ್ಣಿಗೆ ಮೊಟ್ಟೆಯೂ ಇಲ್ಲ, ಕಚ್ಚೋಕೂ ಆಗಲ್ಲ. ಗಂಡಿಗೆ ಏನೂ ಆಗಲ್ಲ, ಅದು ಹರಡುತ್ತಾ ಹೋಗುತ್ತೆ. ಪಂಜರದಲ್ಲಿದ್ದ ಸೊಳ್ಳೆಗಳು 7ರಿಂದ 11 ತಲೆಮಾರಿನೊಳಗೆ ಪೂರ್ತಿ ಅಳಿದವು. ಆ ಹುಡುಗಿಯ "ಆಫ್ ಮಾಡಿದ್ರೆ" ಪ್ರಶ್ನೆಗೆ ಹತ್ತಿರದ ಉತ್ತರ ಇದು, ಆದರೆ ಇದು ಆಫ್ರಿಕಾದ ಮಲೇರಿಯಾ ಸೊಳ್ಳೆ, ಡೆಂಗಿಯದಲ್ಲ. ಇದನ್ನ ಇನ್ನೂ ಎಲ್ಲೂ ಹೊರಗೆ ಬಿಟ್ಟಿಲ್ಲ. ಬಿಟ್ಟ ಮೇಲೆ ವಾಪಸ್ ಕರೆಸಿಕೊಳ್ಳೋದು ಕಷ್ಟ, ಹಾಗಾಗಿ ಇದರಲ್ಲಿ ಜಾಗೃತ ಅವರಷ್ಟೇ ಎಚ್ಚರ ನನಗೂ ಇದೆ.

ಕುಡ್ಲದ_ಕಡಲು
ಡೆಂಗಿಗೆ ಬ್ರೆಜಿಲ್‌ನಲ್ಲಿ ಬಿಟ್ಟಿದ್ದಾರೆ ಅಂತ ಓದಿದ್ದೆ ಮಾರಾಯ್ರೆ. ಅದು ಬೇರೆಯಾ?

ಜಿಕೆವಿಕೆ_ಗೇಟ್
ಅದು ಆಕ್ಸಿಟೆಕ್ ಕಂಪನಿಯದು, ಬೇರೆ. ಅದು ಹರಡುತ್ತಾ ಹೋಗಲ್ಲ, ಕೆಲವು ತಲೆಮಾರಿಗೆ ಮಾಯ. ನೇರ ಜೀನ್ ಅಭಿವ್ಯಕ್ತಿಯನ್ನೇ ಆಯುಧ ಮಾಡಿಕೊಂಡಿರೋದು ಅದು. ಸೊಳ್ಳೆಗೆ ಟಿಟಿಎವಿ ಅನ್ನೋ ಜೀನ್ ಹಾಕಿರ್ತಾರೆ. ಅದರ ಪ್ರೋಟೀನ್ ತನ್ನ ಜೀನನ್ನೇ ಮತ್ತೆ ಮತ್ತೆ ಎಬ್ಬಿಸಿ, ಜೀವಕೋಶದ ಯಂತ್ರಗಳನ್ನೆಲ್ಲ ತಾನೇ ಆಕ್ರಮಿಸಿಕೊಳ್ಳುತ್ತೆ. ಬೇರೆ ಜೀನ್‌ಗಳಿಗೆ ಜಾಗ ಇಲ್ಲದೆ ಮರಿ ಸಾಯುತ್ತೆ. ಸಾಕಣೆ ಕೇಂದ್ರದಲ್ಲಿ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರೆ ಆ ಜೀನ್ ಸುಮ್ಮನಿರುತ್ತೆ, ಹಾಗಾಗಿ ಬೆಳೆಸೋಕೆ ಆಗುತ್ತೆ. ಹೊಸ ತಳಿ ಓಎಕ್ಸ್5034ರಲ್ಲಿ ಹೆಣ್ಣು ಮಾತ್ರ ಸಾಯುತ್ತೆ, ಗಂಡು ಉಳಿಯುತ್ತೆ. 2021ರಲ್ಲಿ ಫ್ಲಾರಿಡಾ ಕೀಸ್‌ನಲ್ಲಿ ಬಿಟ್ಟಿದ್ದು ಇದನ್ನೇ. ಪೆಟ್ಟಿಗೆಯಲ್ಲಿ ಒಣ ಮೊಟ್ಟೆ ಇರುತ್ತೆ, ನೀರು ಹಾಕಿ ಇಟ್ಟರೆ ಗಂಡುಗಳು ಮಾತ್ರ ಹಾರಿ ಹೋಗ್ತವೆ. ಕಚ್ಚೋ ಮಾತೇ ಇಲ್ಲ.

ನಮ್ಮ ಪಕ್ಕದ ಮಹಾರಾಷ್ಟ್ರದ ಜಾಲ್ನಾ ಹತ್ತಿರ ದಾವಲ್‌ವಾಡಿಯಲ್ಲಿ ಹಳೇ ತಳಿಯನ್ನ 2017ರಲ್ಲಿ ಹೊರಾಂಗಣ ಪಂಜರದೊಳಗೆ ಪರೀಕ್ಷೆ ಮಾಡಿದ್ದರು. ಹೊರಗೆ ಬಿಡಲಿಲ್ಲ.

ಗಪ್ಪಿ_ಪ್ರಿಯ
ಟೆಟ್ರಾಸೈಕ್ಲಿನ್ ನಮ್ಮ ಚರಂಡಿ ನೀರಲ್ಲೇ ಬೇಕಾದಷ್ಟು ಇರುತ್ತಲ್ಲ, ಅಲ್ಲೇ ಬದುಕಿಕೊಂಡ್ರೆ?

ಎಂಎಸ್ಸಿ_ಪ್ರಾಣಿಶಾಸ್ತ್ರ
ಸರಿಯಾದ ಪ್ರಶ್ನೆ, ಇದನ್ನ ವಿಜ್ಞಾನಿಗಳೂ ಎತ್ತಿದ್ದಾರೆ. ಈಡಿಸ್ ಹೆಚ್ಚಾಗಿ ಡ್ರಮ್, ಸಂಪು, ಹೂಕುಂಡದಂಥ ತಿಳಿ ನೀರಲ್ಲೇ ಮೊಟ್ಟೆ ಇಡೋದು, ಹಾಗಾಗಿ ಅಪಾಯ ಕಮ್ಮಿ. ಆದರೆ ಕೋಳಿ ಫಾರಂ ಸುತ್ತ, ಆಂಟಿಬಯಾಟಿಕ್ ಬಳಸೋ ಕಡೆ ನೀರು ಅಳೆಯದೆ ಮುಂದುವರಿಯಬಾರದು ಅಂತ ನನ್ನ ಅಭಿಪ್ರಾಯ.

ಕುಡ್ಲದ_ಕಡಲು
ಮಂಗಳೂರಿನಲ್ಲಿ ನಮಗೆ ಡೆಂಗಿಗಿಂತ ಮಲೇರಿಯಾ ಹಳೇ ನೆಂಟ. ಅಪಾರ್ಟ್‌ಮೆಂಟ್ ಏಳುವ ಜಾಗದಲ್ಲಿ ಸಿಮೆಂಟ್ ಕ್ಯೂರಿಂಗ್ ಅಂತ ನೀರು ನಿಲ್ಲಿಸ್ತಾರೆ, ಲಿಫ್ಟ್ ಗುಂಡಿ ತುಂಬಾ ನೀರು, ಅಲ್ಲೇ ಪಕ್ಕದ ಶೆಡ್ಡಿನಲ್ಲಿ ಕೆಲಸದವರು ಮಲಗೋದು. ಸ್ಟೀಫೆನ್ಸಿಗೆ ಇನ್ನೇನು ಬೇಕು? ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಬಂದು ಕೇಸ್ ದಾಖಲಿಸಿ, ಆ ಜಾಗಕ್ಕೇ ಹೋಗಿ ಸೊಳ್ಳೆ ಮರಿ ನಾಶ ಮಾಡೋ ವ್ಯವಸ್ಥೆ 2015ರಿಂದ ಬಂತು, ಆಮೇಲೆ ಕೇಸು ಚೆನ್ನಾಗಿ ಇಳಿದವು. ಅದರಲ್ಲಿ ಜೀನ್ ಏನೂ ಇಲ್ಲ. ಹಾಗಾದ್ರೆ ದುಡ್ಡು ಎಲ್ಲಿ ಹಾಕಬೇಕು ಅಂತ ನೀವೇ ಹೇಳಿ.

ನೈರೋಬಿ_ರಾಯರು
ಎರಡರಲ್ಲೂ. ನಿಮ್ಮ ಸ್ಟೀಫೆನ್ಸಿ ಈಗ ಆಫ್ರಿಕಾದ ತಲೆನೋವು. 2012ರಲ್ಲಿ ಜಿಬೂಟಿಯಲ್ಲಿ ಸಿಕ್ಕಿತು. ಆ ವರ್ಷ ಅಲ್ಲಿ ದಾಖಲಾದ ಮಲೇರಿಯಾ ಬರೀ 27. 2020ಕ್ಕೆ 73 ಸಾವಿರ ದಾಟಿತು. ಆಫ್ರಿಕಾದ ಹಳೇ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಯವು, ಇದು ಪೇಟೆಯ ನೀರಿನ ಟ್ಯಾಂಕಿನಲ್ಲಿ ಬೆಳೆಯುತ್ತೆ. 2024ರ ಮೇ ತಿಂಗಳಲ್ಲಿ ಆಕ್ಸಿಟೆಕ್‌ನವರು ಜಿಬೂಟಿಯಲ್ಲಿ ಸ್ಟೀಫೆನ್ಸಿಯ ಹೆಣ್ಣು ಸಾಯುವ ತಳಿ ಬಿಡಲು ಶುರು ಮಾಡಿದರು. ಅದಕ್ಕೆ ಬೇಕಾದ ಜ್ಞಾನದಲ್ಲಿ ಭಾರತದ ಪಾಲೂ ಇರಬೇಕು, ಯಾಕಂದ್ರೆ ಇದರ ತವರು ನಮ್ಮ ಕಡೆಯೇ.

ಜಿಕೆವಿಕೆ_ಗೇಟ್
ಇದೆ. ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಮತ್ತು ಬಳ್ಳಾರಿ ರಸ್ತೆಯ ಟಾಟಾ ಜೆನೆಟಿಕ್ಸ್ ಸಂಸ್ಥೆಯವರು ಚೆನ್ನೈ ಮೂಲದ ಸ್ಟೀಫೆನ್ಸಿ ತಳಿಯ ಜೀನೋಮನ್ನ ಕ್ರೋಮೋಸೋಮ್ ಮಟ್ಟಕ್ಕೆ ಜೋಡಿಸಿದ್ದಾರೆ. ಅಂಥ ಒಳ್ಳೆ ಜೀನೋಮ್ ಇಲ್ಲದಿದ್ದರೆ ಆರ್‌ಎನ್‌ಎ ತುಣುಕುಗಳನ್ನ ಎಲ್ಲಿಗೆ ಹೊಂದಿಸೋದು? ಅದೇ ಮೊದಲ ಮೆಟ್ಟಿಲು.

ಮಲೆನಾಡ_ಹನಿ
ನಮ್ಮ ಕಡೆ ಮಂಗನ ಕಾಯಿಲೆಗೂ ಈ ತರ ಏನಾದ್ರೂ ಮಾಡಬಹುದಾ? ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡಿದ್ದು 1957ರಲ್ಲಿ, ಇವತ್ತಿಗೂ ಬೇಸಿಗೆ ಬಂದ್ರೆ ಕಾಡಿಗೆ ಹೋಗೋಕೆ ಭಯ.

ಎಂಎಸ್ಸಿ_ಪ್ರಾಣಿಶಾಸ್ತ್ರ
ಅದು ಉಣುಗಿನಿಂದ ಬರೋದು, ಸೊಳ್ಳೆಯಿಂದ ಅಲ್ಲ. ಉಣುಗಿನ ಜೀನ್ ಕೆಲಸ ಸೊಳ್ಳೆಯದಕ್ಕಿಂತ ತುಂಬಾ ಹಿಂದೆ ಇದೆ. ಅದಕ್ಕೆ ಬೇರೆ ಚರ್ಚೆಯೇ ಬೇಕು, ಶುರು ಮಾಡಿ, ಬರ್ತೀನಿ.

ಶಿಡ್ಲಘಟ್ಟ_ರೇಷ್ಮೆ
ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಯಲ್ಲಿ ಝೀಕಾ ವೈರಸ್ ಸಿಕ್ತು ಅಂತ 2023ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಗರ್ಭಿಣಿಯರನ್ನೆಲ್ಲ ಪರೀಕ್ಷೆ ಮಾಡಿದ್ರು. ಸೊಳ್ಳೆ ಹಿಡಿದು ಪರೀಕ್ಷೆ ಮಾಡೋದು ಎಷ್ಟು ಮುಖ್ಯ ಅಂತ ಆಗ ಗೊತ್ತಾಯ್ತು. ಜನರಲ್ಲಿ ಜ್ವರ ಕಾಣೋಕೆ ಮುಂಚೆಯೇ ಗೊತ್ತಾಗಿತ್ತು.

ರಾತ್ರಿ_ಪಾಳಿ
ಇನ್ನೊಂದು ಪ್ರಶ್ನೆ. ನನಗೆ ಮಾತ್ರ ಜಾಸ್ತಿ ಕಚ್ತವೆ, ಹೆಂಡತಿಗೆ ಕಚ್ಚಲ್ಲ. ಓ ಗ್ರೂಪ್ ರಕ್ತ ಅಂತಾರೆ, ನಿಜಾನಾ?

ಧಾರವಾಡ_ಪೇಢಾ
ನಂದೂ ಓ ಗ್ರೂಪ್. ನನಗೂ ಹಂಗ ಆಗ್ತದ!

ಜಿಕೆವಿಕೆ_ಗೇಟ್
ರಕ್ತದ ಗುಂಪಿಗಿಂತ ಚರ್ಮದ ವಾಸನೆಗೆ ಸಾಕ್ಷಿ ಗಟ್ಟಿ ಇದೆ. 2022ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು ಜನರಿಗೆ ಕೈಗೆ ನೈಲಾನ್ ಕಾಲುಚೀಲ ತೊಡಿಸಿ, ಆ ಚೀಲಗಳನ್ನ ಸೊಳ್ಳೆಗಳ ಮುಂದೆ ಇಟ್ಟು ನೋಡಿದರು. ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಹೆಚ್ಚಿದ್ದವರ ಕಡೆಗೇ ಸೊಳ್ಳೆ ಹೋದವು, ವರ್ಷ ಕಳೆದರೂ ಅದೇ ಜನರ ಕಡೆಗೆ.

ಸೊಳ್ಳೆ ಕಡೆಯ ಕಥೆ ಇನ್ನೂ ಚೆನ್ನಾಗಿದೆ. ಕೀನ್ಯಾದ ರಬಾಯ್‌ನಲ್ಲಿ ಈಡಿಸ್ ಈಜಿಪ್ಟಿಯ ಎರಡು ರೂಪ ಅಕ್ಕಪಕ್ಕ ಇವೆ. ಕಾಡಿನದ್ದು ಕಪ್ಪು, ಪ್ರಾಣಿಗಳನ್ನ ಕಚ್ಚುತ್ತೆ. ಮನೆಯೊಳಗಿನದ್ದು ಕಂದು, ಮನುಷ್ಯರನ್ನ ಹುಡುಕಿಕೊಂಡು ಬರುತ್ತೆ. ಎರಡರ ಮೀಸೆಯ ಆರ್‌ಎನ್‌ಎ ಹೋಲಿಸಿದಾಗ, ಮನುಷ್ಯರನ್ನ ಕಚ್ಚೋ ರೂಪದಲ್ಲಿ ಓಆರ್4 ಅನ್ನುವ ವಾಸನೆ ಗ್ರಾಹಕದ ಜೀನ್ ಹೆಚ್ಚು ಕೆಲಸ ಮಾಡ್ತಿತ್ತು. ನಮ್ಮ ಮೈಯಿಂದ ಹೆಚ್ಚು ಹೊರಡುವ ಸಲ್ಕಟೋನ್ ಅನ್ನೋ ವಾಸನೆಯನ್ನ ಅದು ಹಿಡಿಯುತ್ತೆ. 2014ರ ಕೆಲಸ. ಕಾಡಿನ ಹುಳ ನಮ್ಮ ಮನೆಯ ಹುಳ ಆದ ಬಗೆಯ ಒಂದು ಕೊಂಡಿ ಅಲ್ಲಿ ಸಿಕ್ಕಿತು. ಆ ಗ್ರಾಹಕ ಗೊತ್ತಿದ್ದರೆ ಅದನ್ನ ಗೊಂದಲಗೊಳಿಸುವ ವಾಸನೆಯನ್ನೂ ಹುಡುಕಬಹುದು, ಬಲೆಗೆ ಸೆಳೆಯುವ ವಾಸನೆಯನ್ನೂ.

ಆಶಾ_ಅಕ್ಕ
ನಾನು ಆಶಾ ಕಾರ್ಯಕರ್ತೆ. ನೀವೆಲ್ಲ ಬರೆದದ್ದನ್ನ ಪೂರ್ತಿ ಓದಿದೆ, ಕೆಲವು ಅರ್ಥ ಆಗಲಿಲ್ಲ, ಆದರೆ ನನ್ನದೊಂದು ಮಾತು ಇದೆ.

ಲಾರ್ವಾ ಸಮೀಕ್ಷೆಗೆ ಮನೆಮನೆಗೆ ಹೋಗ್ತೀವಿ. ಟಾರ್ಚ್ ಹಾಕಿ ಡ್ರಮ್ ಒಳಗೆ ನೋಡಬೇಕು, ಬೆಳಕು ಬಿದ್ದ ಕೂಡಲೇ ಮರಿಗಳು ಕುಣಿದು ಕೆಳಗೆ ಇಳೀತವೆ, ಸ್ವಲ್ಪ ಕಾದರೆ ಮತ್ತೆ ಮೇಲೆ ಬರ್ತವೆ. ಫ್ರಿಜ್ ಹಿಂದಿನ ಟ್ರೇ ತೆಗೆದು ತೋರಿಸಿ ಅಂದರೆ ಬೈತಾರೆ. ಮರಿ ಸಾಯಿಸೋ ಟೆಮಿಫಾಸ್ ಔಷಧ ಹಾಕ್ತೀವಿ ಅಂದರೆ ಕುಡಿಯೋ ನೀರು ಬೇಡ ಅಂತಾರೆ. 2024ರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ತಂದಿತು. ದಂಡ ಅಂದ ಮೇಲೆ ಬಾಗಿಲೇ ತೆಗೆಯದವರೂ ಇದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ನಾವು ಹಾಕೋ ಔಷಧಕ್ಕೆ ನಮ್ಮ ಏರಿಯಾದ ಸೊಳ್ಳೆ ಸಾಯುತ್ತೋ ಇಲ್ಲವೋ ಅಂತ ಯಾರಾದರೂ ಪರೀಕ್ಷೆ ಮಾಡಿ ನಮಗೆ ಹೇಳಿದ್ದಾರಾ? ಔಷಧ ಹಾಕಿದ ವಾರದಲ್ಲೇ ಅದೇ ತೊಟ್ಟಿಯಲ್ಲಿ ಮರಿ ಕಂಡಿದ್ದೇನೆ. ಮೇಲಿನವರಿಗೆ ಹೇಳಿದರೆ, ಸರಿಯಾಗಿ ಹಾಕಿಲ್ಲ ನೀವು ಅಂತ ನಮ್ಮನ್ನೇ ಅಂದರು.

ಕುಡ್ಲದ_ಕಡಲು
ಅಕ್ಕಾ, ಈ ಚರ್ಚೆಯಲ್ಲೇ ಮುಖ್ಯ ಪ್ರಶ್ನೆ ನಿಮ್ಮದು.

ನೈರೋಬಿ_ರಾಯರು
ಹೌದು. ಜೀನ್ ಅಭಿವ್ಯಕ್ತಿಯ ಕೆಲಸ ನಮಗೆ ಬೇಕಾಗಿರೋದು ಇಲ್ಲೇ. ತಾಂಜಾನಿಯಾದ ಸೊಳ್ಳೆಯ ಫಲಿತಾಂಶ ನಂಬಿ ಹೊಸಕೋಟೆಗೆ ಔಷಧ ಆರಿಸೋಕಾಗಲ್ಲ. ಆಶಾ ಅಕ್ಕ ನೋಡಿದ ತೊಟ್ಟಿಯ ಮರಿಗಳನ್ನೇ ಲ್ಯಾಬಿಗೆ ತಂದು ನೋಡಬೇಕು. ಆ ಫಲಿತಾಂಶ ಟೆಂಡರ್ ಹಾಕುವವರ ಮೇಜಿಗೂ, ಅಕ್ಕನ ಫೋನಿಗೂ ಹೋಗಬೇಕು. ಇವತ್ತು ಪ್ರಬಂಧ ಪ್ರಕಟವಾದಲ್ಲಿಗೆ ಕೆಲಸ ನಿಂತುಬಿಡುತ್ತೆ. ಅದೇ ನನಗೆ ಸಿಟ್ಟು.

ಜಾಗೃತ_ನಾಗರಿಕ
ಇದಕ್ಕೆ ನನ್ನ ಪೂರ್ತಿ ಬೆಂಬಲ. ಇದರಲ್ಲಿ ಯಾವ ಸೊಳ್ಳೆಯನ್ನೂ ಬಿಡೋ ಮಾತಿಲ್ಲ.

ಪಾಂಡಿಚೇರಿ_ಕನ್ನಡಿಗ
ಬಿಡೋದ್ರಲ್ಲೂ ಜೀನ್ ಮುಟ್ಟದ ದಾರಿ ಇದೆ, ವೊಲ್ಬಾಕಿಯಾ. ಹಣ್ಣಿನ ನೊಣದಲ್ಲಿರೋ ಬ್ಯಾಕ್ಟೀರಿಯಾವನ್ನ ಈಡಿಸ್‌ಗೆ ಸೇರಿಸ್ತಾರೆ. ಅದು ಇದ್ದ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯಲ್ಲ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಡೆಂಗಿ 77% ಕಡಿಮೆ ಆಯ್ತು, 2021ರಲ್ಲಿ ಪ್ರಕಟವಾಯ್ತು. ಇಲ್ಲಿನ ಐಸಿಎಂಆರ್ ಸಂಶೋಧನಾ ಕೇಂದ್ರ ವಿಸಿಆರ್‌ಸಿಯಲ್ಲಿ ಮೊನಾಶ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಮ್ಮ ದೇಶದ ಈಡಿಸ್‌ಗೆ ಅದನ್ನ ಸೇರಿಸಿದ ತಳಿ ತಯಾರಾಗಿದೆ, 2022ರಲ್ಲೇ ತಿಳಿಸಿದ್ದಾರೆ. ಇನ್ನೂ ಹೊರಗೆ ಬಿಡೋ ಮಟ್ಟಕ್ಕೆ ಯಾಕೆ ಬಂದಿಲ್ಲ ಅಂತ ಎಲ್ಲರೂ ಒಟ್ಟಿಗೆ ಕೇಳಬೇಕು.

ಎಂಎಸ್ಸಿ_ಪ್ರಾಣಿಶಾಸ್ತ್ರ
ಅದು ಯಾಕೆ ಕೆಲಸ ಮಾಡುತ್ತೆ ಅನ್ನೋದಕ್ಕೂ ಜೀನ್ ಅಭಿವ್ಯಕ್ತಿಯನ್ನೇ ನೋಡಬೇಕಾಯ್ತು. ವೊಲ್ಬಾಕಿಯಾ ಹೊಸದಾಗಿ ಸೇರಿದ ಈಡಿಸ್‌ನಲ್ಲಿ ರೋಗನಿರೋಧಕ ಜೀನ್‌ಗಳು ಏರಿರುತ್ತವೆ. ಜೊತೆಗೆ ವೈರಸ್‌ಗೆ ಬೇಕಾದ ಕೊಲೆಸ್ಟ್ರಾಲ್‌ಗೂ ಅದು ಪೈಪೋಟಿ ಮಾಡುತ್ತೆ.

ಹೊಸಕೋಟೆ_ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಆಶಾ ಅಕ್ಕನ ಪ್ರಶ್ನೆ ಹಿಡಿದು ಕೇಳ್ತೀನಿ: ಒಂದು ಊರಿನ ಸೊಳ್ಳೆ ಒಗ್ಗಿಕೊಂಡಿದೆಯೋ ಇಲ್ಲವೋ ಅಂತ ನೋಡೋದು ಹೇಗೆ? ಫಾಗಿಂಗ್ ಗಾಡಿಯಲ್ಲಿ ಯಾವ ಔಷಧ ಇದೆ ಅಂತ ಕೇಳಿದರೆ ಹೇಳ್ತಾರಾ?

ಆಶಾ_ಅಕ್ಕ
ಕೇಳಿ ಸಾರ್, ಹೇಳಲೇಬೇಕು. ಡಬ್ಬದ ಮೇಲೂ ಬರೆದಿರುತ್ತೆ. ಸಾಮಾನ್ಯವಾಗಿ ಹೊರಗೆ ಹೊಗೆ ಬಿಡೋದಕ್ಕೆ ಮೆಲಾಥಿಯಾನ್ ಇಲ್ಲಾ ಸೈಫೆನೊಥ್ರಿನ್, ಮನೆಯೊಳಗೆ ಸಿಂಪಡಿಸೋಕೆ ಪೈರೆಥ್ರಮ್.

ಜಿಕೆವಿಕೆ_ಗೇಟ್
ಹೆಸರು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಮೆಲಾಥಿಯಾನ್ ಬೇರೆ ಗುಂಪು, ಸೈಫೆನೊಥ್ರಿನ್ ಪೈರೆಥ್ರಾಯ್ಡ್. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಸಾಯಬಹುದು.

ಪರೀಕ್ಷೆ ಹೀಗೆ. ತೊಟ್ಟಿಯಿಂದ ಮರಿಗಳನ್ನ ತಂದು ಸೊಳ್ಳೆ ಆಗುವವರೆಗೆ ಸಾಕಬೇಕು. 3ರಿಂದ 5 ದಿನ ವಯಸ್ಸಿನ, ರಕ್ತ ಕುಡಿಯದ ಹೆಣ್ಣುಗಳನ್ನ ಔಷಧ ಹಚ್ಚಿದ ಕಾಗದ ಇರುವ ಪ್ಲಾಸ್ಟಿಕ್ ನಳಿಗೆಯಲ್ಲಿ 1 ಗಂಟೆ ಬಿಡ್ತಾರೆ. ಆಮೇಲೆ ಔಷಧ ಇಲ್ಲದ ನಳಿಗೆಗೆ ದಾಟಿಸಿ, ಸಕ್ಕರೆ ನೀರು ಅದ್ದಿದ ಹತ್ತಿ ಇಟ್ಟು, 24 ಗಂಟೆ ಕಳೆದ ಮೇಲೆ ಸತ್ತದ್ದು ಎಣಿಸಬೇಕು. 98% ಅಥವಾ ಹೆಚ್ಚು ಸತ್ತರೆ ಔಷಧ ಕೆಲಸ ಮಾಡ್ತಿದೆ. 90%ಕ್ಕಿಂತ ಕಮ್ಮಿ ಸತ್ತರೆ ನಿರೋಧಕತೆ ಖಚಿತ. ಮಧ್ಯದಲ್ಲಿದ್ದರೆ ಮತ್ತೆ ಪರೀಕ್ಷೆ. ಬದುಕಿ ಉಳಿದವನ್ನ ಎಸೆಯಬಾರದು, ಅವುಗಳ ಆರ್‌ಎನ್‌ಎಯಲ್ಲೇ ಕಾರಣ ಇರೋದು. ಪಿಬಿಒ ಕೊಟ್ಟು ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿದಾಗ ಹೆಚ್ಚು ಸತ್ತರೆ, ಪಿ450 ಜೀನ್‌ಗಳ ಮೇಲೆ ಅನುಮಾನ ಬಲವಾಗುತ್ತೆ. ಟೆಮಿಫಾಸ್‌ಗೆ ಮಾತ್ರ ಪರೀಕ್ಷೆ ಬೇರೆ, ಔಷಧ ಬೆರೆಸಿದ ನೀರಿನ ಲೋಟಗಳಿಗೆ ಮರಿಗಳನ್ನೇ ಹಾಕಿ ನೋಡೋದು.

ಇದನ್ನ ಮನೇಲಿ ಮಾಡೋಕೆ ಹೋಗಬೇಡಿ, ಔಷಧದ ಕಾಗದ ವಿಷ. ಜಿಲ್ಲಾ ರೋಗವಾಹಕ ನಿಯಂತ್ರಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಕೇಳಿ, ಈ ತಾಲ್ಲೂಕಿನಲ್ಲಿ ಕೊನೆಯ ಪರೀಕ್ಷೆ ಯಾವಾಗ ಆಯ್ತು, ಎಷ್ಟು ಶೇಕಡಾ ಸತ್ತವು ಅಂತ.

ಹೊಸಕೋಟೆ_ಮೇಷ್ಟ್ರು
ಸೋಮವಾರ ಅರ್ಜಿ ಕೊಡ್ತೀನಿ. ಆಶಾ ಅಕ್ಕ, ಟೆಮಿಫಾಸ್ ಹಾಕಿದ ಮೇಲೂ ಮರಿ ಕಂಡ ತೊಟ್ಟಿ ಯಾವ ಕಡೆ, ಯಾವ ತಿಂಗಳು ಅಂತ ಮೆಸೇಜ್ ಮಾಡ್ತೀರಾ? ಅದನ್ನೂ ಅರ್ಜಿಯಲ್ಲಿ ಸೇರಿಸ್ತೀನಿ. ನಿಮ್ಮ ಹೆಸರು ಹಾಕಲ್ಲ.

ಆಶಾ_ಅಕ್ಕ
ರಿಜಿಸ್ಟರ್‌ನಲ್ಲಿ ಎಲ್ಲ ಇದೆ ಸಾರ್. ಇವತ್ತೇ ಕಳಿಸ್ತೀನಿ.

ಧಾರವಾಡ_ಪೇಢಾ
ಅರ್ಜಿ ಇಲ್ಲೂ ಹಾಕ್ರಿ ಸರ, ನಾವೂ ನಮ್ಮ ಜಿಲ್ಲಾದಾಗ ಅದನ್ನ ಕೊಡ್ತೀವಿ.